ಡಿಸೋಜ ಎಂಬ ಹೊಳೆ, ನಂಗಲಿ ಎಂಬ ಇನಿಷಿಯಲ್

ಪಾಸ್‌ಪೋರ್ಟಿಗೆ ಅರ್ಜಿ ತುಂಬುವಾಗ ಕೋಲಾರ ಜಿಲ್ಲೆಯ ನಂಗಲಿ, ಮುಳಬಾಗಿಲು ಕಡೆಯವರು ಒಂದು ಖಾನೆಯ ಮುಂದೆ ತಡವರಿಸುತ್ತಾರೆ. ಅದು ‘ಸರ್‌ನೇಮ್’ ಕೇಳುವ ಖಾನೆ. ನಮ್ಮಲ್ಲಿರುವುದು ಇನಿಷಿಯಲ್: ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ತೆಲುಗು ಮನೆಮಾತಿನವರಿಗೆ ಇಂಟಿಪೇರು, ಅಂದರೆ ಮನೆತನದ ಹೆಸರು, ಎಂಬುದುಂಟು. ಹೆಣ್ಣು ಗಂಡಿನ ಮಾತುಕತೆಗೆ ಕೂತಾಗ ಅದನ್ನು ಕೇಳಿಯೇ ಮುಂದಿನ ಮಾತು. ಆದರೆ ಅದು ಹೆಸರಿನ ಕೊನೆಗೆ ಬರದೆ ಮೊದಲಿಗೆ ಬರುತ್ತದೆ, ಕಾಗದಪತ್ರಗಳಲ್ಲಿ ಒಂದೇ ಅಕ್ಷರವಾಗಿ ಕುಗ್ಗಿರುತ್ತದೆ. ಇದೇ ಖಾನೆಯನ್ನು ಮಂಗಳೂರಿನ ಡಿಸೋಜ ಮನೆತನದವರು ಯೋಚಿಸದೆ ತುಂಬಿಬಿಡುತ್ತಾರೆ.

ಅಷ್ಟು ಸಲೀಸಾಗಿ ಖಾನೆಯಲ್ಲಿ ಕೂರುವ ‘ಡಿಸೋಜ’ ಎಲ್ಲಿಂದ ಬಂತು ಎಂದು ನೋಡಹೊರಟರೆ, ಅದು ನಮ್ಮ ಇನಿಷಿಯಲ್ಲಿಗೆ ತೀರ ದೂರದ್ದೇನಲ್ಲ ಎಂದು ತಿಳಿಯುತ್ತದೆ.

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ ಸೋಜ ಎಂಬ ಚಿಕ್ಕ ಹೊಳೆಯೊಂದಿದೆ. ಅದು ಹರಿದುಹೋಗಿ ಡೋರು ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಆ ಹೊಳೆಯ ಸೀಮೆಯಲ್ಲಿ ಜಮೀನು ಹೊಂದಿದ್ದ ಒಂದು ಶ್ರೀಮಂತ ಮನೆತನ ಸುಮಾರು 11ನೇ ಶತಮಾನದಲ್ಲಿ ಹೊಳೆಯ ಹೆಸರನ್ನೇ ತನ್ನದಾಗಿಸಿಕೊಂಡಿತು. ಪೋರ್ಚುಗೀಸ್ ಭಾಷೆಯ ‘ದೆ’ ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ‘ದೆ ಸೋಜ’ ಎಂದರೆ ‘ಸೋಜದವರು’, ಅಷ್ಟೇ. ಹೊಳೆಗೆ ಆ ಹೆಸರೇಕೆ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಂಡೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿರಬಹುದು ಎಂಬುದು ಒಂದು ಊಹೆ. ‘ದೆ’ ಎಂಬ ಬಿಡಿ ಪದ ಮುಂದಿನ ಪದಕ್ಕೆ ಅಂಟಿಕೊಂಡು, ನಡುವೆ ಅಪಾಸ್ಟ್ರಫಿ (’) ಹಾಕಿಸಿಕೊಂಡು ‘ಡಿಸೋಜ’ ಆದದ್ದು ಭಾರತದಲ್ಲಿ, ಇಂಗ್ಲಿಷ್ ಬರವಣಿಗೆಯ ರೂಢಿಯಲ್ಲಿ. ಪೋರ್ಚುಗಲ್ಲಿನಲ್ಲಿ ಈಗಲೂ ಅದನ್ನು ಎರಡು ಪದವಾಗಿಯೇ ಬರೆಯುತ್ತಾರೆ.

ಕರಾವಳಿಯ ಉಳಿದ ಪೋರ್ಚುಗೀಸ್ ಹೆಸರುಗಳನ್ನು ಬಿಡಿಸಿದರೂ ಒಳಗೆ ಸಿಗುವುದು ದಿನಬಳಕೆಯ ಮಾತೇ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೋನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೋನ ಮಗ; ನಮ್ಮ ಇನಿಷಿಯಲ್ಲಿನಲ್ಲಿ ಅಪ್ಪನ ಅಕ್ಷರ ಇರುವಂತೆ. ಪೆರೇರ ಎಂದರೆ ಇಂಗ್ಲಿಷಿನಲ್ಲಿ ಪಿಯರ್ ಎನ್ನುವ ಹಣ್ಣಿನ ಮರ. ಕರ್ವಾಲೋ ಎಂದರೆ ಓಕ್ ಮರ, ಲೋಬೋ ಎಂದರೆ ತೋಳ, ಮಚಾದೊ ಎಂದರೆ ಕೊಡಲಿ. ಧಾರವಾಡ ಸೀಮೆಯಲ್ಲಿ ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಕೇಳಿದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಕಾಣದು.

ಅಷ್ಟು ದೂರದ ಹೊಳೆಯ ಹೆಸರು ಮಂಗಳೂರಿಗೆ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. 1542ರಲ್ಲಿ ಮಾರ್ತಿಂ ಅಫೋನ್ಸೊ ದೆ ಸೋಜ ಎಂಬ ಗವರ್ನರ್ ಗೋವೆಗೆ ಬಂದಿಳಿದಾಗ ಸಂತ ಫ್ರಾನ್ಸಿಸ್ ಝೇವಿಯರ್ ಕೂಡ ಆ ಪಯಣದಲ್ಲಿ ಜೊತೆಗಿದ್ದರು. ಮುಂದಿನ ದಶಕಗಳಲ್ಲಿ ಗೋವೆಯ ಹಳ್ಳಿಹಳ್ಳಿಗಳು ಕ್ರೈಸ್ತಮತಕ್ಕೆ ಸೇರಿದವು. ಜ್ಞಾನಸ್ನಾನ, ಅಂದರೆ ನೀರು ಹಾಕಿ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ, ನಡೆಯುವಾಗ ಹೊಸಬರಿಗೆ ಹೊಸ ಹೆಸರು ಕೊಡುತ್ತಿದ್ದರು. ವಿಧಿ ನಡೆಸುವ ಪಾದ್ರಿಯ ಮನೆತನದ ಹೆಸರೋ, ಗಾಡ್‌ಫಾದರ್ ಆಗಿ ನಿಂತ ಪೋರ್ಚುಗೀಸನ ಹೆಸರೋ ಅವರಿಗೆ ಬರುತ್ತಿತ್ತು. ಹೀಗಾಗಿ ಬೇರೆಬೇರೆ ದಿನ ಸ್ನಾನ ಪಡೆದ ಒಂದೇ ಮನೆಯವರಿಗೆ ಬೇರೆಬೇರೆ ಹೆಸರು ಬಂದದ್ದುಂಟು. ಒಬ್ಬರಿಗೊಬ್ಬರು ಏನೂ ಸಂಬಂಧವಿಲ್ಲದ ಮನೆಗಳು ಒಂದೇ ಹೆಸರಿನ ಕೆಳಗೆ ಬಂದದ್ದೂ ಉಂಟು. ಅದಕ್ಕೆ ಮುಂಚೆ ಆ ಮನೆಗಳಲ್ಲಿ ಪ್ರಭು, ಕಾಮತ್, ಶೆಣೈ, ನಾಯಕ್ ಮುಂತಾದ ಕೊಂಕಣಿ ಹೆಸರುಗಳಿದ್ದವು. ಕೆಲವು ಮಂಗಳೂರು ಕುಟುಂಬಗಳು ತಮ್ಮ ಹಳೆಯ ಹೆಸರನ್ನು ಈಗಲೂ ನೆನಪಿಟ್ಟುಕೊಂಡಿವೆ.

1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಆರಂಭವಾಯಿತು. ಅದು ಧರ್ಮದ ಕಟ್ಟಳೆ ಮೀರಿದವರನ್ನು ವಿಚಾರಿಸಿ ದಂಡಿಸುವ ನ್ಯಾಯಪೀಠ. ಅದರ ಭಯ, ತೆರಿಗೆಯ ಹೊರೆ, 1683ರ ಸುಮಾರಿನ ಮರಾಠರ ದಾಳಿ, ಇವೆಲ್ಲ ಸೇರಿ ಅನೇಕರನ್ನು ದಕ್ಷಿಣಕ್ಕೆ, ಕೆನರಾ ಸೀಮೆಗೆ ಕಳಿಸಿದವು. ಅವರು ಮನೆಯ ಕೊಂಕಣಿಯನ್ನೂ ಚರ್ಚಿನ ಹೆಸರನ್ನೂ ಜೊತೆಗೆ ತಂದರು. ಮಂಗಳೂರಿನಲ್ಲಿ ಡಿಸೋಜ ಎಂಬ ಹೆಸರು ಕೇಳಿದ ಕೂಡಲೇ ‘ಪೋರ್ಚುಗೀಸ್ ರಕ್ತ’ ಎಂದುಕೊಳ್ಳುವುದು ತಪ್ಪಾಗುವುದು ಇದರಿಂದಲೇ. ಆ ಹೆಸರು ಅಲ್ಲಿ ಹುಟ್ಟನ್ನು ಹೇಳುವುದಿಲ್ಲ, ಒಂದು ದಿನ ಚರ್ಚಿನ ದಫ್ತರಿನಲ್ಲಿ ಯಾರೋ ಬರೆದುಕೊಂಡದ್ದನ್ನು ಹೇಳುತ್ತದೆ.

ಈಗ ಕೋಲಾರದ ಕಡೆ ತಿರುಗೋಣ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ, ಆದರೆ ಅವರ ‘ಡಿ’ ದೇವನಹಳ್ಳಿ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ವೆಂಕಟೇಶ ಅಯ್ಯಂಗಾರ್ಯರನ್ನು ನಾಡು ಕರೆಯುವುದು ಮಾಸ್ತಿ ಎಂದು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಆಗ ಕೋಲಾರ ಸೀಮೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ. ‘ಎಂ’ ಮಾತ್ರ ಆಂಧ್ರದ ಮೋಕ್ಷಗುಂಡಂ. ಮೂವರಲ್ಲಿ ಒಬ್ಬರ ಇನಿಷಿಯಲ್ಲೂ ಹುಟ್ಟಿದೂರನ್ನು ಹೇಳುವುದಿಲ್ಲ. ಹಿರಿಯರ ಊರು ಹೆಸರಿನಲ್ಲಿ ಉಳಿದಿದೆ. ಸೋಜ ಹೊಳೆಯೂ ಹೀಗೆಯೇ ಜನರ ಹೆಸರಿನಲ್ಲಿ ಊರೂರು ಸುತ್ತಿತು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮೋಕ್ಷಗುಂಡಂ ಆ ಊರಿನಿಂದ ಹೊರಟ ಜನರ ಜೊತೆ ನಡೆದುಬಂತು. ಸೋಜವಾದರೋ ಆ ಹೊಳೆಯ ಹತ್ತಿರಕ್ಕೂ ಹೋಗದ ಜನರ ಮೇಲೆ ಅಧಿಕಾರ ಮತ್ತು ಧರ್ಮದ ದಾರಿಯಲ್ಲಿ ಬಂದು ಕೂತಿತು.

ಆದರೂ ಬಂದು ಕೂತ ಹೆಸರು ಕಾಲ ಕಳೆದಂತೆ ಈ ಮಣ್ಣಿನದೇ ಆಗುತ್ತದೆ. ಸಾಗರದ ನಾ. ಡಿಸೋಜ, ಅಂದರೆ ನಾರ್ಬರ್ಟ್ ಡಿಸೋಜ, ಶರಾವತಿಯ ಅಣೆಕಟ್ಟಿನಲ್ಲಿ ಮನೆ ಹೊಲ ಮುಳುಗಿಸಿಕೊಂಡವರ ಬದುಕನ್ನು ಕನ್ನಡದಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪೋರ್ಚುಗಲ್ಲಿನ ಹೊಳೆಯೊಂದರ ಹೆಸರು ಹೊತ್ತವರು ಜೀವನವಿಡೀ ಮಲೆನಾಡಿನ ಹೊಳೆಯ ಸಂಕಟಕ್ಕೆ ಮಾತಾದರು ಎನ್ನುವಾಗ ನನಗೆ ಮನಸ್ಸು ತುಂಬಿಬರುತ್ತದೆ.

ಮತ್ತೆ ಆ ಖಾನೆಗೆ ಬರೋಣ. 2022ರ ನವೆಂಬರಿನಲ್ಲಿ ಯುಎಇ ದೇಶವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಷ್ಟೇ ಇರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಬೇಗನೆ ಸಡಿಲಿಸಿತು. ಇಂಥ ನಿಯಮಗಳ ಒತ್ತಡಕ್ಕೆ ನಮ್ಮವರು ಇನಿಷಿಯಲ್ಲನ್ನು ಬಿಡಿಸಿ ಪೂರ್ತಿ ಬರೆಯುತ್ತಾರೆ. ಕೆಲವರಿಗೆ ಅಪ್ಪನ ಹೆಸರೇ ಸರ್‌ನೇಮ್, ಕೆಲವರಿಗೆ ಊರು. ಎರಡರಲ್ಲಿ ಊರನ್ನು ಬರೆಯುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಅಪ್ಪನ ಹೆಸರು ಅಪ್ಪನಿಗೇ ಇರಲಿ. ಊರಾದರೆ ಮಕ್ಕಳು, ಮೊಮ್ಮಕ್ಕಳು ಎಲ್ಲರಿಗೂ ಒಂದೇ ಆಗಿ ಸಲ್ಲುತ್ತದೆ.

ಹೀಗೆ ಹೆಸರಿಗೆ ಸೇರುವುದು ನಂಗಲಿಗೆ ಹೊಸದೂ ಅಲ್ಲ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ತಾನು ಗೆದ್ದ ಊರು ನಾಡುಗಳನ್ನು ಬಿರುದಾಗಿ ಹೆಸರಿಗೆ ಕಟ್ಟಿಕೊಂಡಾಗ ತಳಕಾಡು, ಕೊಂಗುಗಳ ಜೊತೆಗೆ ನಂಗಲಿಯೂ ಅದರಲ್ಲಿತ್ತು. ಅವನ ರಾಜ್ಯದ ಮೂಡಣ ಎಲ್ಲೆಯೇ ನಂಗಲಿಯ ಘಟ್ಟ. ಅವನ ನಂತರದ ದೊರೆಗಳೂ ಅದೇ ಬಿರುದನ್ನು ಹೊತ್ತರು. ಈಗ ‘ಎನ್’ ಎಂಬ ಒಂದಕ್ಷರವನ್ನು ಬಿಡಿಸಿ ‘ನಂಗಲಿ’ ಎಂದು ಬರೆದ ಯುವಕನ ಮಗಳು ದುಬೈಯಲ್ಲೋ ಟೆಕ್ಸಾಸಿನಲ್ಲೋ ಶಾಲೆಗೆ ಸೇರುತ್ತಾಳೆ. ಹಾಜರಿಯಲ್ಲಿ ಟೀಚರು ಅವಳನ್ನು ‘ಮಿಸ್ ನಂಗಲಿ’ ಎಂದು ಕೂಗುತ್ತಾರೆ. ಘಟ್ಟವನ್ನು ಒಮ್ಮೆಯೂ ನೋಡದ ಆ ಹುಡುಗಿ ಅದು ತನ್ನದೇ ಹೆಸರೆಂದು ಓಗೊಡುತ್ತಾಳೆ.