ಎರಡನೆಯ ಲೆನ್ಸ್ ಕೊಳ್ಳುವ ಮುನ್ನ

ಮನೆಗೆ ಕ್ಯಾಮೆರಾ ಬಂದ ಮೊದಲ ಕೆಲವು ತಿಂಗಳು ಸಂಭ್ರಮದಲ್ಲೇ ಕಳೆದುಹೋಗುತ್ತವೆ. ಅಂಗಳದ ದಾಸವಾಳ, ಪಕ್ಕದ ಮನೆಯ ಬೆಕ್ಕು, ಅಜ್ಜಿಯ ಮುಖದ ಸುಕ್ಕು, ಕಾಲೇಜಿನ ವಾರ್ಷಿಕೋತ್ಸವ ಎಲ್ಲವೂ ಚಿತ್ರಗಳಾಗುತ್ತವೆ. ಆರೇಳು ತಿಂಗಳಾಗುವಷ್ಟರಲ್ಲಿ ಮಗನೋ ಮಗಳೋ ಮೆಲ್ಲಗೆ ಹೊಸ ಬೇಡಿಕೆ ಮುಂದಿಡುವುದುಂಟು: 'ಅಪ್ಪಾ, ಈ ಲೆನ್ಸ್ ಸಾಲದು, ಇನ್ನೊಂದು ಬೇಕು.' ಕ್ಯಾಮೆರಾಕ್ಕೆ ತೆತ್ತ ಹಣವನ್ನೇ ಇನ್ನೂ ಮರೆಯದ ತಂದೆಗೆ ಈ ಮಾತು ರುಚಿಸುವುದಿಲ್ಲ. 'ಇರೋದ್ರಲ್ಲಿ ಚೆನ್ನಾಗಿ ತೆಗೆಯೋದನ್ನ ಮೊದಲು ಕಲಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಹಟ ಗೆದ್ದು, ಅಂಗಡಿಯಾತ ತೋರಿಸಿದ ಲೆನ್ಸ್ ಮನೆಗೆ ಬರುತ್ತದೆ.

ಎರಡರಲ್ಲೂ ನಷ್ಟವಿದೆ. ಮೊದಲನೆಯದರಲ್ಲಿ ಚಿಗುರುತ್ತಿದ್ದ ಆಸಕ್ತಿ ಮುರುಟಬಹುದು. ಎರಡನೆಯದರಲ್ಲಿ ಮನೆಯ ಉಳಿತಾಯದ ಒಂದು ಭಾಗ ಬೀರುವಿನಲ್ಲಿ ಕೂರಬಹುದು. ಇನ್ನೊಂದು ಲೆನ್ಸ್ ನಿಜಕ್ಕೂ ಬೇಕೇ, ಬೇಕಾದರೆ ಯಾವುದು ಎಂಬುದಕ್ಕೆ ಸಾಕ್ಷ್ಯ ಮನೆಯಲ್ಲೇ ಇದೆ. ಅದು ಈಗಾಗಲೇ ತೆಗೆದಿರುವ ಚಿತ್ರಗಳಲ್ಲಿದೆ.

ಚಿತ್ರದೊಳಗಿನ ದಾಖಲೆ

ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಜತೆಗೂ ಒಂದಿಷ್ಟು ಅಂಕಿಗಳನ್ನು ಬರೆದಿಡುತ್ತದೆ. ಲೆನ್ಸಿನ ಸಂಗಮದೂರ ಎಷ್ಟಿತ್ತು, ಬೆಳಕಿನ ಕಿಂಡಿ ಎಷ್ಟು ತೆರೆದಿತ್ತು, ಷಟರ್ ಎಷ್ಟು ಹೊತ್ತು ತೆರೆದಿತ್ತು, ಐಎಸ್‌ಓ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ 'ಪ್ರಾಪರ್ಟೀಸ್' ತೆರೆದರೆ ಈ ದಾಖಲೆ ಕಾಣುತ್ತದೆ.

ಆರಂಭಿಕರ ಎಷ್ಟೋ ಕ್ಯಾಮೆರಾಗಳ ಜತೆಗೆ ಬರುವುದು 18ರಿಂದ 55 ಮಿಲಿಮೀಟರ್‌ವರೆಗಿನ ಜೂಮ್ ಲೆನ್ಸ್. ಇದನ್ನೇ 'ಕಿಟ್ ಲೆನ್ಸ್' ಎನ್ನುತ್ತಾರೆ. ವಿದ್ಯಾರ್ಥಿ ತನ್ನ ಇತ್ತೀಚಿನ ಮುನ್ನೂರು ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಲಿ. ಹೆಚ್ಚಿನವು 55ರಲ್ಲೇ ಇದ್ದರೆ ಆತ ಅಥವಾ ಆಕೆ ದೂರದ ವಸ್ತುವಿಗೆ ಕೈಚಾಚುತ್ತಿದ್ದಾರೆಂದು ಅರ್ಥ. 18ರಲ್ಲೇ ಗುಂಪುಗೂಡಿದ್ದರೆ ಜಾಗ ಸಾಲುತ್ತಿಲ್ಲ. ಷಟರ್ 1/15, 1/20 ಸೆಕೆಂಡ್ ಎಂದೂ, ಐಎಸ್‌ಓ 3200, 6400 ಎಂದೂ ಮತ್ತೆ ಮತ್ತೆ ಕಂಡುಬಂದರೆ ಕೊರತೆಯಿರುವುದು ಬೆಳಕಿನದು. ಅಂಕಿಗಳು ಎಲ್ಲೆಡೆ ಹರಡಿಕೊಂಡಿದ್ದು ಚಿತ್ರಗಳೂ ಸ್ಪಷ್ಟವಾಗಿದ್ದರೆ ಸದ್ಯಕ್ಕೆ ಏನೂ ಕೊಳ್ಳಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಕೆಟ್ಟ ಚಿತ್ರಗಳನ್ನು ಆಗಿಂದಾಗಲೇ ಅಳಿಸಿಹಾಕುವ ಅಭ್ಯಾಸ ಹಲವರಿಗಿದೆ. ಈ ಲೆಕ್ಕಕ್ಕೆ ಅವೇ ಮುಖ್ಯ. ಏನು ಸಾಲಲಿಲ್ಲ ಎಂಬುದನ್ನು ಹೇಳುವುದು ಸೋತ ಚಿತ್ರಗಳೇ.

ಬೆಳಕು ಸಾಲದಿದ್ದರೆ

ರಾತ್ರಿಯ ಯಕ್ಷಗಾನವನ್ನೋ ಸಭಾಂಗಣದ ಭರತನಾಟ್ಯವನ್ನೋ ಚಿತ್ರಿಸಲು ಹೋದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಧಿಗಿಣ ಹಾಕುವ ವೇಷಧಾರಿಯ ಬದಲು ಬಣ್ಣದ ಒಂದು ಮಸುಕು ಗೆರೆ ಮೂಡಿರುತ್ತದೆ. ಇದರ ಕಾರಣ ಹತ್ತನೆಯ ತರಗತಿಯ ಗಣಿತಕ್ಕೆ ನಿಲುಕುವಂಥದ್ದೇ. ಲೆನ್ಸಿನ ಮೇಲೆ ಬರೆದಿರುವ 'ಎಫ್' ಸಂಖ್ಯೆಯೆಂದರೆ ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಉತ್ತರ. ಕಿಟ್ ಲೆನ್ಸ್ 55 ಮಿ.ಮೀ.ಗೆ ಬಂದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. ಅಂದರೆ ಕಿಂಡಿಯ ವ್ಯಾಸ ಸುಮಾರು 10 ಮಿ.ಮೀ. ಜೂಮ್ ಇಲ್ಲದ 50 ಮಿ.ಮೀ. ಎಫ್ 1.8 ಲೆನ್ಸಿನ ಕಿಂಡಿ ಸುಮಾರು 28 ಮಿ.ಮೀ.

ಒಳಬರುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹೆಚ್ಚುಕಡಿಮೆ ಹತ್ತು. ಕಿಟ್ ಲೆನ್ಸಿಗೆ 1/15 ಸೆಕೆಂಡ್ ಬೇಕಾಗಿದ್ದ ಕಡೆ ಈ ಲೆನ್ಸಿಗೆ 1/125 ಸೆಕೆಂಡ್ ಸಾಕು. ಮಸುಕು ಗೆರೆ ಮತ್ತೆ ವೇಷಧಾರಿಯಾಗಲು ಈ ವ್ಯತ್ಯಾಸ ಬಹಳ ದೊಡ್ಡದು. ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಸಿಗುವ ಲೆನ್ಸ್‌ಗಳ ಪೈಕಿ ತೀರ ಅಗ್ಗವಾದವುಗಳಲ್ಲಿ ಈ 50 ಎಫ್ 1.8 ಕೂಡ ಒಂದೆಂಬುದು ಪಾಲಕರಿಗೆ ಸಮಾಧಾನದ ಸಂಗತಿ.

ಆದರೂ ಇದಕ್ಕೆ ತನ್ನದೇ ಮಿತಿಗಳಿವೆ. ಕಿಂಡಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಮೂಡುವ ಆಳ ತೀರ ಕಡಿಮೆ. ಹತ್ತಿರದಿಂದ ತೆಗೆದ ಮುಖದಲ್ಲಿ ಕಣ್ಣು ಸ್ಪಷ್ಟವಾಗಿ, ಕಿವಿ ಮಸುಕಾಗಿ ಬರಬಹುದು. ಆರಂಭಿಕರ ಕ್ಯಾಮೆರಾಗಳ ಎಪಿಎಸ್-ಸಿ ಸಂವೇದಕ ಪೂರ್ಣ ಅಳತೆಯದಕ್ಕಿಂತ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ 75ರಿಂದ 80 ಮಿ.ಮೀ. ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುತ್ತದೆ. ಸಣ್ಣ ಕೋಣೆಯಲ್ಲಿ ಮನೆಮಂದಿಯನ್ನೆಲ್ಲ ಒಟ್ಟಿಗೆ ತೆಗೆಯಲು ಹೊರಟರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಥವರಿಗೆ 35 ಮಿ.ಮೀ. ವಾಸಿ.

ಹಕ್ಕಿ ದೂರವಿದ್ದರೆ

55 ಮಿ.ಮೀ.ನಿಂದ 300 ಮಿ.ಮೀ.ಗೆ ಹೋದರೆ ಹಕ್ಕಿ ಸುಮಾರು ಐದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಕಂಡು ಮರುಳಾಗದವರು ಕಡಿಮೆ. ಆದರೆ ಐದೂವರೆ ಪಟ್ಟು ಹಿಗ್ಗುವುದು ಹಕ್ಕಿಯೊಂದೇ ಅಲ್ಲ, ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಛಾಯಾಗ್ರಾಹಕರಲ್ಲಿ ಹಳೆಯದೊಂದು ಲೆಕ್ಕವಿದೆ. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದಾಗ ಸಂಗಮದೂರ ಎಷ್ಟೋ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಷಟರ್ ನಿಧಾನವಾಗಬಾರದು. ಚಿಕ್ಕ ಸಂವೇದಕದ ಪಾಲನ್ನೂ ಸೇರಿಸಿದರೆ 300 ಮಿ.ಮೀ.ಗೆ 1/500 ಸೆಕೆಂಡ್ ಬೇಕು. ಅಗ್ಗದ ಟೆಲಿ ಜೂಮ್‌ಗಳು ಆ ತುದಿಯಲ್ಲಿ ಎಫ್ 5.6 ಅಥವಾ 6.3ಕ್ಕಷ್ಟೇ ತೆರೆಯುತ್ತವೆ. ಮುಂಜಾನೆ ಹಕ್ಕಿಗಳು ಚುರುಕಾಗಿರುವ ಹೊತ್ತಿನಲ್ಲೇ ಬೆಳಕು ಸಾಲದೆ ಐಎಸ್‌ಓ ಏರಿಸಬೇಕಾಗುತ್ತದೆ. ಲೆನ್ಸಿನಲ್ಲಿರುವ ಅಲುಗಾಟ ತಡೆಯುವ ವ್ಯವಸ್ಥೆ ಕೈಯ ನಡುಕವನ್ನು ತಗ್ಗಿಸುತ್ತದೆ. ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಲಾರದು.

ಸಂಗಮದೂರವನ್ನು ಇಮ್ಮಡಿಸುವುದೂ ಒಂದೇ, ಹಕ್ಕಿಗೂ ಕ್ಯಾಮೆರಾಕ್ಕೂ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸುವುದೂ ಒಂದೇ. ಹಾಗೆಂದು ಗೂಡಿನ ಬಳಿಗೆ ನುಗ್ಗುವಂತಿಲ್ಲ. ಹಕ್ಕಿಗಳೇ ಮನುಷ್ಯರಿಗೆ ಒಗ್ಗಿಕೊಂಡಿರುವ ತಾಣಗಳನ್ನು ಆರಿಸಿಕೊಳ್ಳಬಹುದು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಸಮೀಪಕ್ಕೇ ಸಾಗುತ್ತದೆ. ದೋಣಿಯೇ ಅಲುಗುವುದರಿಂದ ಅಲ್ಲಿ ಟ್ರೈಪಾಡ್‌ನಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದೂ ತಿಳಿದಿರಲಿ.

ಆಟೋಫೋಕಸ್ ಎಸ್‌ಎಲ್‌ಆರ್ ಕ್ಯಾಮೆರಾಗಳು ಬಳಕೆಗೆ ಬಂದದ್ದು 1985ರ ನಂತರ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅದಕ್ಕೆ ಬಹಳ ಮೊದಲೇ ಹೆಸರು ಮಾಡಿದವರು. ಮೂಡಿಗೆರೆಯಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಫಿಲ್ಮಿನ ಕಾಲದಲ್ಲೇ ಹಕ್ಕಿಗಳ ಬೆನ್ನು ಹತ್ತಿದ್ದರು. ಒಂದು ರೋಲಿನಲ್ಲಿ 36 ಚಿತ್ರ ಮುಗಿದರೆ ಆಗ ಮತ್ತೆ ಫಿಲ್ಮ್ ತುಂಬಬೇಕಿತ್ತು. ಹಕ್ಕಿ ಯಾವ ಕೊಂಬೆಗೆ, ಎಷ್ಟು ಹೊತ್ತಿಗೆ ಬರುತ್ತದೆಂಬ ತಿಳಿವಳಿಕೆ ಅಂಥ ಕೆಲಸದ ಬಂಡವಾಳ. ಅದು ಯಾವ ಲೆನ್ಸಿನ ಪೆಟ್ಟಿಗೆಯಲ್ಲೂ ಬರುವುದಿಲ್ಲ.

ಅಗ್ಗದ ಉಪಾಯಗಳು

ಹಂಪಿಯ ಕಲ್ಲಿನ ರಥದ ಸುತ್ತಲಿನ ಇಡೀ ಪ್ರಾಂಗಣ ಚಿತ್ರದಲ್ಲಿ ಬರಬೇಕೆಂದರೆ ವೈಡ್ ಆ್ಯಂಗಲ್ ಲೆನ್ಸೇ ಬೇಕೆಂದಿಲ್ಲ. ಕ್ಯಾಮೆರಾವನ್ನು ನಿಂತಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕೈದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಇದಕ್ಕೆ ಉಚಿತ ತಂತ್ರಾಂಶಗಳಿವೆ. ಹಲವು ಮೊಬೈಲ್ ಫೋನ್‌ಗಳೇ ಈ ಕೆಲಸ ಮಾಡಿಕೊಡುತ್ತವೆ.

ಇರುವೆ, ಜೇಡ, ಹೂವಿನ ಕೇಸರಗಳ ಹುಚ್ಚು ಹಿಡಿದವರಿಗೆ ಮ್ಯಾಕ್ರೊ ಲೆನ್ಸ್ ದುಬಾರಿ ಎನಿಸಿದರೆ 'ಎಕ್ಸ್‌ಟೆನ್ಷನ್ ಟ್ಯೂಬ್' ಇದೆ. ಇದರೊಳಗೆ ಗಾಜೇ ಇಲ್ಲ. ಲೆನ್ಸನ್ನು ಕ್ಯಾಮೆರಾದಿಂದ ತುಸು ದೂರ ಸರಿಸುವ ಬರಿಯ ಕೊಳವೆ. 50 ಮಿ.ಮೀ. ಲೆನ್ಸಿನ ಹಿಂದೆ 25 ಮಿ.ಮೀ. ಕೊಳವೆ ಸೇರಿಸಿದರೆ ಸಂವೇದಕದ ಮೇಲೆ ವಸ್ತುವಿನ ಅರ್ಧದಷ್ಟು ಗಾತ್ರದ ಬಿಂಬ ಮೂಡುತ್ತದೆ. ವಿದ್ಯುತ್ ಸಂಪರ್ಕವಿರುವ ಕೊಳವೆಯನ್ನೇ ಕೊಳ್ಳಬೇಕು. ಇಲ್ಲದಿದ್ದರೆ ಈಗಿನ ಹೆಚ್ಚಿನ ಲೆನ್ಸ್‌ಗಳ ಕಿಂಡಿಯನ್ನು ಕ್ಯಾಮೆರಾದಿಂದ ಹೊಂದಿಸಲಾಗದು.

ಕೊಂಡಿ ಹೊಂದುವುದೇ?

ಲೆನ್ಸ್ ಕೂರುವ ಜಾಗವನ್ನು 'ಮೌಂಟ್' ಎನ್ನುತ್ತಾರೆ. ಒಂದು ಕಂಪನಿಯ ಲೆನ್ಸ್ ಇನ್ನೊಂದರ ಕ್ಯಾಮೆರಾಕ್ಕೆ ನೇರವಾಗಿ ಕೂರದು. ಒಂದೇ ಕಂಪನಿಯಲ್ಲೂ ಕಾಲಕಾಲಕ್ಕೆ ಕೊಂಡಿ ಬದಲಾಗಿದೆ. ನಿಕಾನ್‌ನ ಎಫ್ ಮೌಂಟ್ ಶುರುವಾದದ್ದು 1959ರಲ್ಲಿ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಾಗ ಅದರ ಹಿಂದಿನ ಲೆನ್ಸ್‌ಗಳು ಹೊಸ ಕ್ಯಾಮೆರಾಗಳಿಗೆ ಕೂರದಾದವು. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ ಹೊಸ ಮೌಂಟ್ ತಂದವು. ನಿಕಾನ್‌ನದು ಝಡ್, ಕ್ಯಾನನ್‌ನದು ಆರ್‌ಎಫ್. ಡಿಎಸ್‌ಎಲ್‌ಆರ್‌ನ ಲೆನ್ಸನ್ನು ಅಡಾಪ್ಟರ್ ಹಾಕಿ ಈ ಹೊಸ ಕ್ಯಾಮೆರಾಗಳಲ್ಲಿ ಬಳಸಬಹುದು. ಹೊಸ ಲೆನ್ಸನ್ನು ಹಳೆಯ ಡಿಎಸ್‌ಎಲ್‌ಆರ್‌ಗೆ ಹಾಕಲಾಗದು.

ನಿಕಾನ್ ಡಿಎಸ್‌ಎಲ್‌ಆರ್ ಇರುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗವಾಗಿ ಸಿಕ್ಕಿತೆಂದು ತಂದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಎಸ್ ಮಾದರಿಯನ್ನು ಕೇಳಿ ಪಡೆಯಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಬಹಳ ಮಂದಿ ಮಿರರ್‌ಲೆಸ್‌ಗೆ ಬದಲಾದದ್ದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಚೆನ್ನಾಗಿಟ್ಟ ಲೆನ್ಸ್ ಕ್ಯಾಮೆರಾಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಕರಾವಳಿ, ಮಲೆನಾಡಿನ ತೇವಕ್ಕೆ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬರುವುದು ಲೇಸು. ಮನೆಯಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆಗೆ ಇಡಬೇಕು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅದು ತೇವ ಹೀರಿದೆಯೆಂದು ಅರ್ಥ. ಹೊರತೆಗೆದು ಬಿಸಿಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.

ಬೆಂಗಳೂರಿನಂಥ ನಗರಗಳಲ್ಲಿ ಲೆನ್ಸ್‌ಗಳು ದಿನದ ಬಾಡಿಗೆಗೂ ದೊರೆಯುತ್ತವೆ. ದೊಡ್ಡ ಮೊತ್ತ ತೆರುವ ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡುವುದು ಜಾಣತನ. ತೂಕ ಹೊತ್ತು ಅರ್ಧ ದಿನ ಅಲೆದ ಮೇಲೆ 'ಇದು ಬೇಡ' ಎಂಬ ನಿರ್ಧಾರಕ್ಕೆ ಮಕ್ಕಳು ತಾವಾಗಿಯೇ ಬರುವುದೂ ಉಂಟು.

ಪಾಲಕರು ಕೇಳಬೇಕಾದದ್ದು

'ಎಷ್ಟಾಗುತ್ತೆ?' ಎಂಬುದು ಪಾಲಕರ ಬಾಯಿಗೆ ಮೊದಲು ಬರುವ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದದ್ದು 'ಯಾವ ಚಿತ್ರ ತಪ್ಪಿಹೋಯಿತು?' ಎಂದು. ಲೆನ್ಸ್ ಕೇಳುವ ಮಗಳು ತಪ್ಪಿಹೋದ ಹತ್ತು ಚಿತ್ರಗಳನ್ನು ತಂದು, ಪ್ರತಿಯೊಂದೂ ಏಕೆ ಕೆಟ್ಟಿತೆಂದು ವಿವರಿಸಲಿ. ಹತ್ತರಲ್ಲಿ ಏಳಕ್ಕೆ ಒಂದೇ ಕಾರಣ ಸಿಕ್ಕರೆ ಬೇಡಿಕೆ ನ್ಯಾಯವಾದದ್ದು. ಯಾವ ಲೆನ್ಸ್ ಬೇಕೆಂಬುದೂ ಅಲ್ಲಿಗೇ ಇತ್ಯರ್ಥವಾದಂತೆ. ಏಳಕ್ಕೆ ಏಳು ಬೇರೆ ಕಾರಣಗಳಿದ್ದರೆ ಇನ್ನೊಂದು ಮುನ್ನೂರು ಚಿತ್ರ ತೆಗೆಯುವವರೆಗೆ ಕಾಯಬಹುದು.

ಇಂಥ ಲೆಕ್ಕದಿಂದ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಚಿತ್ರ ಏಕೆ ಕೆಟ್ಟಿತೆಂದು ಹೇಳಬಲ್ಲ ವಿದ್ಯಾರ್ಥಿ ಅದೇ ಹೊತ್ತಿಗೆ ಛಾಯಾಗ್ರಹಣದ ದೊಡ್ಡ ಪಾಠವೊಂದನ್ನು ಕಲಿತಿರುತ್ತಾನೆ, ಕಲಿತಿರುತ್ತಾಳೆ. ಆಮೇಲೆ ಕೊಂಡ ಲೆನ್ಸ್ ಬೀರುವಿನಲ್ಲಿ ಉಳಿಯುವ ಭಯವಿಲ್ಲ.