ಬಿಡಿಭಾಗ ಸಿಗದೆ ಮೂಲೆ ಸೇರುವ ಡಿಶ್‌ವಾಶರ್‌ಗಳು



ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಬೋರ್‌ವೆಲ್‌ನ ಗಡಸು ನೀರೇ ಗತಿ. ಡಿಶ್‌ವಾಶರ್‌ಗೆ ಅದು ದೊಡ್ಡ ಶತ್ರು. ಯಂತ್ರದೊಳಗೆ ನೀರನ್ನು ಮೆದುವಾಗಿಸುವ ರಾಳಕ್ಕೆ ಮತ್ತೆ ಕಸುವು ಕೊಡುವುದು ಅದಕ್ಕೆಂದೇ ಮಾರುವ ಹರಳುಪ್ಪು. ಅದು ಮುಗಿದರೆ ನೀರು ಚಿಮ್ಮಿಸುವ ಸ್ಪ್ರೇ ಆರ್ಮ್‌ನ ತೂತುಗಳಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಅಡುಗೆಯ ಅಯೋಡಿನ್ ಪುಡಿಉಪ್ಪು ಇದಕ್ಕೆ ಬೇಡವೇ ಬೇಡ. ತಳದ ಫಿಲ್ಟರ್ ತಿರುಗಿಸಿ ತೆಗೆದರೆ ಸಾಸಿವೆ, ಕರಿಬೇವು, ಅನ್ನದ ಅಗುಳು ಸಿಕ್ಕಿಕೊಂಡಿರುತ್ತವೆ. ಹಳೆಯ ಬ್ರಷ್‌ನಿಂದ ಆಗಾಗ ಉಜ್ಜಿದರೆ ಸಾಕು.

ನಿಜವಾದ ಕಷ್ಟ ಬಿಡಿಭಾಗದ್ದು. ಕಂಪನಿಯ ಹೆಸರು ಹೇಳಿದರೆ ಸಾಲದು, ಬಾಗಿಲಂಚಿನ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆ ಬೇಕು. ನೋಡಲು ಒಂದೇ ಥರ ಇರುವ ಎರಡು ಯಂತ್ರಗಳ ಗ್ಯಾಸ್ಕೆಟ್ ಬೇರೆಯಾಗಿರಬಹುದು. ಹಳೆಯದನ್ನು ಬಿಸಾಡುವ ಮುನ್ನ ಅದರ ಮೇಲೆ ಅಚ್ಚಾದ ಸಂಖ್ಯೆ ಬರೆದಿಟ್ಟುಕೊಳ್ಳುವುದು ಜಾಣತನ.

ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ನಿಯಮವೇ ಇದೆ: ಗ್ಯಾಸ್ಕೆಟ್, ಸ್ಪ್ರೇ ಆರ್ಮ್, ಫಿಲ್ಟರ್‌ಗಳು ಮಾಡೆಲ್ ನಿಂತ ಮೇಲೂ 10 ವರ್ಷ ಗ್ರಾಹಕರಿಗೆ ಸಿಗಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ (ದುರಸ್ತಿಯ ಹಕ್ಕು) ಪೋರ್ಟಲ್ ತೆರೆಯಿತು. ಆದರೆ ಅದಷ್ಟೇ ಸಾಲದು; ಯುರೋಪಿನಂಥದ್ದೇ ಕಾಲಮಿತಿಯನ್ನು ಇಲ್ಲೂ ಕಾನೂನಾಗಿಸಬೇಕು. ಬಿಡಿಭಾಗಗಳ ಸಂಖ್ಯೆ, ಬೆಲೆಯ ಪಟ್ಟಿಯನ್ನು ಕಂಪನಿಗಳು ಕನ್ನಡದಲ್ಲೂ ಪ್ರಕಟಿಸಬೇಕು.

– ಓದುಗರೊಬ್ಬರು, ಬೆಂಗಳೂರು