ಉಭಯ ಕುಶಲೋಪರಿ

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಮನೆಯವರು ಬೈತಾರೇನೋ ಅಂತ ಮುಂದೆ ಹಾಕ್ತಾ ಬಂದಿದ್ದೆ. ಮೊನ್ನೆ ಅಕ್ಕನೇ "ಬರಿಯೋ, ಬೇರೆಯವರಿಗಾದ್ರೂ ಬುದ್ಧಿ ಬರ್ಲಿ" ಅಂದಳು. ಆ ಧೈರ್ಯದ ಮೇಲೆ ಬರೀತಿದ್ದೀನಿ :-)

2025ರ ಜುಲೈನಲ್ಲಿ ಅಕ್ಕನ ಮಗಳು ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬಳೇ ವಿಯೆಟ್ನಾಮಿಗೆ ಹೊರಟಳು. ವಯಸ್ಸು ಇಪ್ಪತ್ನಾಲ್ಕು, ಬೆಂಗಳೂರಲ್ಲಿ ಕೆಲಸ, ಟಿಕೇಟಿನ ದುಡ್ಡು ಅವಳದ್ದೇ. 2023ರ ಆಗಸ್ಟ್‌ನಿಂದ ಆ ದೇಶ ತೊಂಬತ್ತು ದಿನದ ಇ-ವೀಸಾ ಕೊಡೋಕೆ ಶುರು ಮಾಡಿದ ಮೇಲೆ ಅಲ್ಲಿಗೆ ಹೋಗೋದು ಸುಲಭವಾಗಿದೆ. ಮೂರು ವಾರ ಸುತ್ತೋದು, ಹಾಸ್ಟೆಲ್ಲಿನ ಡಾರ್ಮಿಟರಿಯಲ್ಲಿ ಮಲಗೋದು, ಹನೋಯಿಯಿಂದ ರೈಲು ಹಿಡಿದು ದಕ್ಷಿಣಕ್ಕೆ ಇಳಿಯೋದು. ಇಷ್ಟು ಅವಳ ಯೋಜನೆ.

ನಮ್ಮದು ಕುಮಟಾ ಕಡೆಯ ಊರು. ಮೂವತ್ತೊಂದು ಜನರ ವಾಟ್ಸಾಪ್ ಗ್ರೂಪಿದೆ, ಹೆಸರು "ನಮ್ಮನೆ". ಅಡ್ಮಿನ್ ನಾನು. ಕೂಸು ವಿಮಾನ ಹತ್ತಿದ ಗಳಿಗೆಯಿಂದ ಗ್ರೂಪಿಗೆ ಜೀವ ಬಂತು. "ಊಟ ಆತನೇ?" "ಎಲ್ಲಿದ್ದೆ?" "ರಾತ್ರಿ ಹೊರಗೆ ಹೋಗಡ." "ಪಾಸ್‌ಪೋರ್ಟ್ ಜೋಪಾನ." "ಫೋಟೋ ಹಾಕು." "ಈ ಫೋಟೋದಲ್ಲಿ ಪಕ್ಕದಲ್ಲಿರೋದು ಯಾರು?" ಒಬ್ಬರು ಕೇಳಿದ್ದನ್ನೇ ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು ಕೇಳೋರು. ಮೊದಲ ನಾಲ್ಕು ದಿನ ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಐದನೇ ದಿನದಿಂದ ಹೆಬ್ಬೆರಳು ಮಾತ್ರ ಬರೋಕೆ ಶುರುವಾಯ್ತು. ಊಟ ಆತನೇ? ಹೆಬ್ಬೆರಳು. ಎಲ್ಲಿದ್ದೆ? ಹೆಬ್ಬೆರಳು!

ಹೋದ ವರ್ಷ ಚಿಕ್ಕಪ್ಪನ ಮಗ ಥಾಯ್ಲೆಂಡಿಗೆ ಹೋಗಿ ಹತ್ತು ದಿನ ಇದ್ದು ಬಂದ. ಆಗ ಇದೇ ಗ್ರೂಪಿನಲ್ಲಿ ಬಂದ ಮೆಸೇಜು ಎರಡೇ, "ಹ್ಯಾಪಿ ಜರ್ನಿ" ಮತ್ತು "ಬರುವಾಗ ಚಾಕಲೇಟ್ ತಾ". ಇದನ್ನು ಇಲ್ಲಿ ಸುಮ್ಮನೆ ಹೇಳಿಟ್ಟೆ.

ಈಗ ಆ ಶನಿವಾರದ ಕಥೆ. ಜುಲೈ 19. ಆಷಾಢದ ಮಳೆ. ಸಂಜೆ ಚಿಕ್ಕಪ್ಪ ಗ್ರೂಪಿಗೊಂದು ವಿಡಿಯೋ ಹಾಕಿದರು. ಹಾ ಲಾಂಗ್ ಕೊಲ್ಲಿಯಲ್ಲಿ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿದೆ. ಸತ್ತವರ ಲೆಕ್ಕ ಗಂಟೆಗಂಟೆಗೂ ಏರುತ್ತಿತ್ತು (ಕೊನೆಗೆ ಮೂವತ್ತು ದಾಟಿತು). ಅದರ ಕೆಳಗೆ ಚಿಕ್ಕಪ್ಪ ಬರೆದಿದ್ದು ಒಂದೇ ಸಾಲು: "ನಮ್ಮ ಕೂಸು ಎಲ್ಲಿದ್ದು?"

ಗುರುವಾರವಷ್ಟೇ ಅವಳು "ಈ ವಾರದ ಕೊನೆಗೆ ಹಾ ಲಾಂಗ್" ಅಂತ ಬರೆದಿದ್ದಳು. ಅವಳ ಹೆಸರಿನ ಕೆಳಗೆ ಕೊನೆಯ ಸಲ ಕಂಡ ಹೊತ್ತು 11:52. ವಿಯೆಟ್ನಾಮ್ ನಮಗಿಂತ ಒಂದೂವರೆ ತಾಸು ಮುಂದೆ. ಅಂದ್ರೆ ಅಲ್ಲಿ ಮಧ್ಯಾಹ್ನ ಒಂದೂ ಇಪ್ಪತ್ತೆರಡು. ದೋಣಿ ಮಗುಚಿದ್ದೂ ಮಧ್ಯಾಹ್ನವೇ. ನಾನು ಕಳಿಸಿದ ಮೆಸೇಜಿಗೆ ಒಂದೇ ಟಿಕ್ಕು. ಕರೆ ಮಾಡಿದರೆ "ರಿಂಗಿಂಗ್" ಅಂತ ಬರ್ತಿಲ್ಲ, "ಕಾಲಿಂಗ್" ಅಂತಲೇ ನಿಂತಿದೆ. ಆ ಎರಡು ಪದಗಳ ನಡುವಿನ ವ್ಯತ್ಯಾಸ ಅವತ್ತು ರಾತ್ರಿಯಷ್ಟು ನನಗೆ ಯಾವತ್ತೂ ಗೊತ್ತಾಗಿರಲಿಲ್ಲ. ಅಕ್ಕ ದೇವರ ಮುಂದೆ ದೀಪ ಹಚ್ಚಿ ಕೂತವಳು ಏಳಲಿಲ್ಲ. ಭಾವ ಮಾತೇ ಆಡಲಿಲ್ಲ. ಹನೋಯಿಯ ನಮ್ಮ ರಾಯಭಾರ ಕಚೇರಿಯ ನಂಬರು ಹುಡುಕಿ ಇಟ್ಕೊಂಡೆ. ಆದ್ರೆ ಏನಂತ ಹೇಳೋದು? ಅವಳಿದ್ದ ಹಾಸ್ಟೆಲ್ಲಿನ ಹೆಸರೇ ನಮ್ಮ ಹತ್ರ ಇರಲಿಲ್ಲ. ಒಂಬತ್ತು ದಿನ "ಊಟ ಆತನೇ" ಅಂತ ಕೇಳಿದ ಮೂವತ್ತು ಜನರಲ್ಲಿ ಒಬ್ಬರೂ ಆ ಹೆಸರನ್ನು ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ 7:40ಕ್ಕೆ ಗ್ರೂಪಿಗೊಂದು ಫೋಟೋ ಬಂತು. ರೈಲಿನ ಕಿಟಕಿ, ಹೊರಗೆ ಹಸಿರು ಗದ್ದೆ. "ನೋಡಿ, ಥೇಟ್ ನಮ್ಮೂರು!"

ಆಗಿದ್ದಿಷ್ಟೇ. ಹಾ ಲಾಂಗ್ ನೋಡಿ ಅವಳು ಶುಕ್ರವಾರವೇ ಹನೋಯಿಗೆ ವಾಪಸ್ ಬಂದಿದ್ದಳು. ಶನಿವಾರ ಊರೆಲ್ಲ ಮ್ಯಾಪ್ ನೋಡಿಕೊಂಡು ಅಲೆದು ಫೋನಿನ ಚಾರ್ಜ್ ಮುಗಿದಿತ್ತು. ಸಂಜೆ ಡಾ ನಾಂಗ್ ರೈಲು ಹತ್ತಿದಳು. ಹತ್ತತ್ರ 790 ಕಿಲೋಮೀಟರ್, ಹದಿನಾರು ತಾಸಿಗೂ ಹೆಚ್ಚಿನ ಪ್ರಯಾಣ. ಬೋಗಿಯ ಚಾರ್ಜಿಂಗ್ ಪಾಯಿಂಟ್ ಕೆಟ್ಟಿತ್ತು. ಬೆಳಿಗ್ಗೆ ಎದುರು ಬರ್ತಿನ ಹೆಂಗಸು ತನ್ನ ಪವರ್ ಬ್ಯಾಂಕ್ ಕೊಟ್ಟರಂತೆ. ದೋಣಿಯ ಸುದ್ದಿಯೇ ಅವಳಿಗೆ ಗೊತ್ತಿರಲಿಲ್ಲ.

ರಾತ್ರಿಯಿಡೀ ಜೀವ ಕೈಲಿ ಹಿಡಿದು ಕೂತವರು ನಾವು. ಫೋಟೋ ನೋಡಿದ ಕೂಡಲೇ ಏನು ಮಾಡಿದ್ವಿ ಹೇಳಿ? ಬೈದ್ವಿ. "ಜವಾಬ್ದಾರಿ ಬ್ಯಾಡ್ದಾ?" "ಇಲ್ಲಿ ಆಯಿ ಸಾಯೂ ಹಾಂಗೆ ಆಗಿದ್ದು." "ಇನ್ಮೇಲೆ ಲೈವ್ ಲೊಕೇಶನ್ ಆನ್ ಮಾಡಿಡು." ಆ ಲೊಕೇಶನ್ ಮಾತು ಬರೆದವನು ನಾನೇ.

ಅವಳು ಬೈಗುಳಕ್ಕೆ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಗ್ರೂಪು ಬಿಟ್ಟಳು. 2022ರಲ್ಲಿ ವಾಟ್ಸಾಪ್ ಮಾಡಿದ ಬದಲಾವಣೆಯಿಂದ ಯಾರಾದರೂ ಬಿಟ್ಟುಹೋದರೆ ಆ ಸೂಚನೆ ಅಡ್ಮಿನ್‌ಗಷ್ಟೇ ಬರುತ್ತೆ. ಹಾಗಾಗಿ ನನಗೊಬ್ಬನಿಗೇ ಗೊತ್ತು. ಉಳಿದವರು ಇನ್ನೂ ಬೈತಾನೇ ಇದ್ರು, ಕೇಳೋಳು ಅಲ್ಲಿಲ್ಲ.

ನಾನು ಬೇರೆಯಾಗಿ ಬರೆದೆ, "ಯಾಕೆ ಬಿಟ್ಟೆ? ಪ್ರೀತಿಗೆ ಬೈದಿದ್ದಲ್ವಾ?" ಬಂದ ಉತ್ತರ ಇದು:

"ಬೈದಿದ್ದಕ್ಕಲ್ಲ ಮಾವ. ನಾನೆಲ್ಲಿದ್ದೀನಿ ಅಂತ ನಿಮಗೆ ನಿಮಿಷ ನಿಮಿಷಕ್ಕೂ ಗೊತ್ತಾಗ್ಬೇಕು. ಅಜ್ಜಿ ಬಿದ್ದಿದ್ದು ಮಾತ್ರ ನನಗೆ ಗೊತ್ತಾಗ್ಬಾರ್ದು ಅಲ್ವಾ?"

ನನ್ನ ಕೈ ತಣ್ಣಗಾಯ್ತು. ಹೌದು, ಗುರುವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡಿದ್ದಳು. ಪ್ಲಾಸ್ಟರ್ ಹಾಕಿಸಿ ಮನೆಗೆ ಕರ್ಕೊಂಡು ಬಂದಿದ್ವಿ. "ಕೂಸಿಗೆ ಹೇಳೋದು ಬೇಡ, ಅಲ್ಲಿ ಗಾಬರಿ ಮಾಡ್ಕೊಳ್ತು" ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದು. ಅದಕ್ಕಾಗಿ ಅವಳೊಬ್ಬಳನ್ನು ಬಿಟ್ಟು "ನಮ್ಮನೆ 2" ಅಂತ ಇನ್ನೊಂದು ಗ್ರೂಪನ್ನೇ ಮಾಡಿದ್ವಿ. ಅದಕ್ಕೂ ಅಡ್ಮಿನ್ ನಾನೇ. ಯಾರೋ ಚಿಕ್ಕ ಹುಡುಗ ಬಾಯಿ ತಪ್ಪಿ ಅವಳಿಗೆ ಹೇಳಿಬಿಟ್ಟಿದ್ದ.

ಅವತ್ತು ರಾತ್ರಿ ಕೂತು ಗ್ರೂಪನ್ನು ಮೊದಲಿಂದ ಓದಿದೆ. ಒಂಬತ್ತು ದಿನದಲ್ಲಿ ಅವಳಿಗೆ ಅಂತ ಬರೆದ ಮೆಸೇಜು 163. ಅದರಲ್ಲಿ ಮನೆಯ ಸುದ್ದಿ ಇದ್ದದ್ದು ಮೂರು. ಮಳೆ ಜೋರಿದೆ. ಕರೆಂಟಿಲ್ಲ. ಮತ್ತೆ, ಮಳೆ ಜೋರಿದೆ. ಉಳಿದ 160 ಪ್ರಶ್ನೆ, ಇಲ್ಲಾ ಅಪ್ಪಣೆ.

ಚಿಕ್ಕವರಿದ್ದಾಗ ನಾವೆಲ್ಲ ಬರೆದ ಇನ್‌ಲ್ಯಾಂಡ್ ಪತ್ರ ನೆನಪಿದೆಯಾ? "ಉಭಯ ಕುಶಲೋಪರಿ ಸಾಂಪ್ರತ. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ." ಅರ್ಥ ಗೊತ್ತಿಲ್ದೇ ಗಿಳಿಪಾಠದ ಹಾಗೆ ಬರೀತಿದ್ವಿ. ಈಗ ನೋಡಿದ್ರೆ ಅದರ ಕ್ರಮ ಎಷ್ಟು ಸರಿಯಿತ್ತು ಅನ್ನಿಸುತ್ತೆ. ಉಭಯ ಅಂದ್ರೆ ಎರಡೂ ಕಡೆ. ಮೊದಲು ನಮ್ಮ ಕ್ಷೇಮ ಹೇಳೋದು, ಆಮೇಲೆ ಅವರದ್ದು ಕೇಳೋದು. ಆಮೇಲೆ ಎಮ್ಮೆ ಕರು ಹಾಕಿದ್ದು, ಸೋಗೆ ಹೊದೆಸಿದ್ದು, ಯಾರದೋ ಮದುವೆ ನಿಶ್ಚಯ ಆಗಿದ್ದು, ಮಡಿಕೆಯ ಅಂಚಿನಲ್ಲೂ ಜಾಗ ಬಿಡದೆ ತುಂಬಿಸೋದು.

ಬೆನ್ನಿಗೆ ಚೀಲ ಹಾಕ್ಕೊಂಡು ಬಂದ ಬೇರೆಯವರ ಮಕ್ಕಳನ್ನು ನಾವು ನೋಡದವರಲ್ಲ. ತೊಂಬತ್ತರ ದಶಕದಲ್ಲಿ ಪಕ್ಕದ ಗೋಕರ್ಣಕ್ಕೆ ಅವರು ಬರ್ತಾನೇ ಇದ್ರು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ತಮ್ಮ ಹೆಸರಿಗೆ ಬಂದು ಕಾಯ್ತಿದ್ದ ಪತ್ರ ತಗೊಳ್ಳೋರು. ಐಎಸ್‌ಡಿ ಬೂತಿನಲ್ಲಿ ಮೀಟರಿನ ಕೆಂಪು ಅಂಕೆ ನೋಡ್ತಾ ಎರಡೇ ನಿಮಿಷ ಮಾತಾಡೋರು. "ಹೆತ್ತವರಿಗೆ ಮಕ್ಕಳ ಮೇಲೆ ಪ್ರೀತಿನೇ ಇಲ್ಲ, ಹೆಂಗೆ ಬಿಟ್ಟಿದ್ದಾರೆ ನೋಡು" ಅಂತ ನಾವು ಮಾತಾಡ್ಕೊಳ್ತಿದ್ವಿ. ಆ ಪತ್ರ ಒಡೆದು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದ್ತಾ ನಗ್ತಿದ್ದ ಒಂದು ಹುಡುಗಿಯ ಮುಖ ನನಗಿನ್ನೂ ನೆನಪಿದೆ. "ಎಲ್ಲಿದ್ದೀಯಾ" ಅನ್ನೋ ಒಂದೇ ಪ್ರಶ್ನೆ ಇರೋ ಪತ್ರ ಓದಿ ಯಾರೂ ಹಾಗೆ ನಗೋದಿಲ್ಲ.

ಹಳೆಯ ಕಾಲವೇ ಚೆಂದ ಅಂತ ನಾನು ಹೇಳ್ತಿಲ್ಲ. ಆಗ ಮನೆಗೆ ತಂತಿ ಬಂತು ಅಂದ್ರೆ ಒಡೆಯೋಕೆ ಮುಂಚೆಯೇ ಅಳು ಶುರುವಾಗ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ನನಗೇನೂ ದುಃಖ ಆಗಿರಲಿಲ್ಲ. ಚಿಂತೆ ಮಾಡಬೇಡಿ ಅಂತಲೂ ಹೇಳ್ತಿಲ್ಲ. ಅಂದು ರಾತ್ರಿ ಅಕ್ಕನ ಮುಖ ನೋಡಿದ ಮೇಲೆ ಯಾವ ಬಾಯಲ್ಲಿ ಹೇಳಲಿ? ಆದ್ರೆ ಚಿಂತೆ ಬೇರೆ, ಹಾಜರಿ ತಗೊಳ್ಳೋದು ಬೇರೆ. ಹಾಜರಿ ಕೂಗಿದರೆ ಮಕ್ಕಳು "ಪ್ರೆಸೆಂಟ್ ಸರ್" ಅಂತಾರೆ, ಅಷ್ಟೇ. ಆ ಹೆಬ್ಬೆರಳು ಅದೇ. ನಮ್ಮ ಕಡೆಯ ಕಷ್ಟ ಮುಚ್ಚಿಟ್ಟು ಅವರದ್ದನ್ನು ಮಾತ್ರ ಬಿಚ್ಚಿಡು ಅಂದ್ರೆ, ನಾಳೆ ಅವರಿಗೆ ಜ್ವರ ಬಂದಾಗ, ದುಡ್ಡು ಕಳೆದಾಗ, ಅವರೂ ಮುಚ್ಚಿಡ್ತಾರೆ. "ಗಾಬರಿ ಮಾಡ್ಕೊಳ್ತಾರೆ" ಅನ್ನೋ ಕಾರಣವನ್ನು ಅವರು ಕಲಿಯೋದು ನಮ್ಮಿಂದಲೇ.

ಸೋಮವಾರ ನಾನು "ನಮ್ಮನೆ 2" ಅಳಿಸಿದೆ. ಎರಡು ದಿನ ಚಿಕ್ಕಪ್ಪ ನನ್ನ ಹತ್ರ ಮಾತಾಡಲಿಲ್ಲ. ಅವಳಿಗೆ ಅಮ್ಮನ ಪ್ಲಾಸ್ಟರಿನ ಫೋಟೋ ಕಳಿಸಿ, ಡಾಕ್ಟರು ಹೇಳಿದ್ದೆಲ್ಲ ಬರೆದು, ತಪ್ಪಾಯ್ತು ಅಂದೆ. ಅಕ್ಕ, ಅವಳು, ನಾನು ಸೇರಿ ಒಂದು ಒಪ್ಪಂದ ಮಾಡ್ಕೊಂಡ್ವಿ. ದಿನಕ್ಕೊಂದು ಸಲ ಮಲಗೋ ಮುಂಚೆ ಅವಳು ಬರೀಬೇಕು: ಇವತ್ತು ಎಲ್ಲಿ ಉಳಿದಿದ್ದೀನಿ (ಹಾಸ್ಟೆಲ್ ಹೆಸರು ಸಮೇತ), ನಾಳೆ ಎಲ್ಲಿಗೆ, ಯಾವುದರಲ್ಲಿ. ಪವರ್ ಬ್ಯಾಂಕ್ ಕಡ್ಡಾಯ. ಲೈವ್ ಲೊಕೇಶನ್ ಬೇಡ. ನಮ್ಮ ಕಡೆಯಿಂದ ದಿನಕ್ಕೊಂದು ಮನೆ ಸುದ್ದಿ, ಒಳ್ಳೇದೋ ಕೆಟ್ಟದ್ದೋ, ಇದ್ದದ್ದು ಇದ್ದ ಹಾಗೆ.

ಮೊದಲ ಸುದ್ದಿ ಕಳಿಸಿದ್ದು ಅಮ್ಮ. ಎಡಗೈಯಲ್ಲಿ ಫೋನು ಹಿಡಿದು ನಾಲ್ಕು ನಿಮಿಷದ ಧ್ವನಿ. ಬಚ್ಚಲಲ್ಲಿ ಜಾರಿದ್ದು ಹೇಗೆ, ಸೊಸೆಯಂದಿರು ಅಡುಗೆಗೆ ಉಪ್ಪು ಹೆಚ್ಚು ಹಾಕ್ತಿರೋದು, ಹಲಸಿನ ಹಪ್ಪಳ ಮಳೆಗೆ ಮೆತ್ತಗಾಗಿದ್ದು, ಎಲ್ಲಾ ಇತ್ತು. "ಎಲ್ಲಿದ್ದೆ" ಅಂತ ಮಾತ್ರ ಕೇಳಿರಲಿಲ್ಲ. ಅವತ್ತು ರಾತ್ರಿ ಹೋಯ್ ಆನ್‌ನಿಂದ ಕೂಸು ಬರೆದದ್ದು ಎರಡು ಪುಟ ಆಗುವಷ್ಟಿತ್ತು, ಅಜ್ಜಿಗೆ ಓದಿ ಹೇಳಿ ಅಂತ.

ಗ್ರೂಪಿಗೆ ಮಾತ್ರ ಅವಳು ಇನ್ನೂ ವಾಪಸ್ ಬಂದಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ ನಡೀತಿದೆ? ಹೊರಗೆ ಹೋದ ಮಕ್ಕಳಿಗೆ ನೀವು ಕೊನೇ ಸಲ ಕಳಿಸಿದ ಹತ್ತು ಮೆಸೇಜು ತೆಗೆದು ಒಮ್ಮೆ ಓದಿ ನೋಡಿ. ಪ್ರಶ್ನೆ ಎಷ್ಟು, ಸುದ್ದಿ ಎಷ್ಟು ಅಂತ ಎಣಿಸಿ, ಆಮೇಲೆ ಇಲ್ಲಿ ಬಂದು ಹೇಳಿ. ನನ್ನಷ್ಟು ಕೆಟ್ಟ ಲೆಕ್ಕ ನಿಮ್ಮದಾಗದಿರಲಿ :-)